ಅಡಾಪ್ಟರ್ ಮೇಲಿನ ಹಳೇ 100-400 ಸಾಕಾ, ಆರ್‌ಎಫ್ 100-500ಕ್ಕೆ ಹೋಗಬೇಕಾ?

ಪ್ರಶ್ನೆ, ಚಿಕ್ಕಮಗಳೂರಿನಿಂದ

ಕ್ಯಾನನ್ ಆರ್5 ಬಾಡಿ (ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ). ಅದಕ್ಕೆ ಕಂಪನಿಯದೇ ಅಡಾಪ್ಟರ್ (ಜೋಡಿಸೋ ಕೊಳವೆ) ಹಾಕಿ, ಕನ್ನಡಿ ಇರೋ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಜೂಮ್ ಲೆನ್ಸ್ ಇಎಫ್ 100-400 ಮಾರ್ಕ್ 2 ಬಳಸ್ತಿದೀನಿ. ಕೆಲಸ ಹೆಚ್ಚಾಗಿ ಕಾಫಿ ತೋಟದ ನೆರಳಲ್ಲಿ, ಆಗಾಗ ಮುತ್ತೋಡಿ ಸಫಾರಿ, ಬೇಸಿಗೆಯಲ್ಲಿ ಲಕ್ಕವಳ್ಳಿ ಹಿನ್ನೀರು. ಇದನ್ನ ಮಾರಿ ಆರ್5 ಥರದ ಬಾಡಿಗೆ ನೇರ ಕೂರೋ ಆರ್‌ಎಫ್ 100-500 ತಗೊಳ್ಳೋ ಯೋಚನೆ ಇದೆ. ಕೇಳೋದು ಮೂರು: 500 ಎಂಎಂನಲ್ಲಿ ಅದು ತೆರೆಯೋದು ಎಫ್/7.1 ತನಕ ಮಾತ್ರ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ), ಅದು ನೆರಳಲ್ಲಿ ಕೈಕೊಡುತ್ತಾ? ಫೋಕಸ್ ವ್ಯತ್ಯಾಸ ದುಡ್ಡು ಹಾಕುವಷ್ಟಿದೆಯಾ? ಮಳೆಗಾಲದಲ್ಲಿ ಅಡಾಪ್ಟರ್ ಕೂಡೋ ಜಾಗದಲ್ಲಿ ನೀರು ಇಳಿಯುತ್ತಾ? ಎರಡನ್ನೂ ಬಳಸಿದವರು ದಯವಿಟ್ಟು ಹೇಳಿ.

ಸಕಲೇಶಪುರದಿಂದ

ಎಫ್/7.1 ನೋಡಿ ಬೆದರಬೇಡಿ ಸಾರ್. ಬೆಳಕು ಒಳಗೆ ಬರೋ ಕಿಂಡಿಯ ಅಗಲ ಎಷ್ಟು ಅಂತ ಮೊದಲು ಲೆಕ್ಕ ಹಾಕಿ. ಫೋಕಲ್ ಲೆಂಗ್ತನ್ನ ಎಫ್ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತೆ. 400ನ್ನ 5.6ರಿಂದ ಭಾಗಿಸಿ, 71 ಎಂಎಂ. 500ನ್ನ 7.1ರಿಂದ ಭಾಗಿಸಿ, 70 ಎಂಎಂ. ಎರಡೂ ಒಂದೇ ಕಿಂಡಿ. ಫಿಲ್ಟರ್ ಅಳತೆಯೂ ಎರಡಕ್ಕೂ 77 ಎಂಎಂ.

ತೋಟದಲ್ಲಿ ಇದು ಹೇಗೆ ಆಗುತ್ತೆ ನೋಡಿ. ಸಿಲ್ವರ್ ಓಕ್ ಕೆಳಗೆ ಹಕ್ಕಿ ಕೂತಿದೆ, ಶಟರ್ 1/500. ಹಳೇ ಲೆನ್ಸಿನಲ್ಲಿ 400 ಎಂಎಂ, ಎಫ್/5.6ಕ್ಕೆ ಐಎಸ್‌ಒ (ಮಂದ ಬೆಳಕಲ್ಲಿ ಚಿತ್ರ ಬೆಳಗಿಸೋ ಅಳತೆ) 6400 ಬಂತು ಅನ್ನಿ. ಹೊಸದರಲ್ಲಿ 500 ಎಂಎಂ, ಎಫ್/7.1ಕ್ಕೆ ಐಎಸ್‌ಒ 10000 ಬರುತ್ತೆ. ಸಂಖ್ಯೆ ನೋಡಿದರೆ ಎದೆ ಧಸಕ್ ಅನ್ನುತ್ತೆ. ಆದರೆ 400ರ ಚಿತ್ರದಲ್ಲಿ ಹಕ್ಕಿಯನ್ನ ಅಷ್ಟೇ ದೊಡ್ಡದು ಮಾಡೋಕೆ ಕ್ರಾಪ್ ಮಾಡಲೇಬೇಕು. ಮಾಡಿ ಅಕ್ಕಪಕ್ಕ ಇಟ್ಟರೆ ನಾಯ್ಸ್ (ಚಿತ್ರದಲ್ಲಿ ಕಾಣೋ ಕಾಳುಕಾಳು) ಹೆಚ್ಚೂಕಡಿಮೆ ಒಂದೇ. ಹಿನ್ನೆಲೆ ಮಬ್ಬಾಗೋದೂ ಒಂದೇ ಥರ. ವ್ಯತ್ಯಾಸ ಇರೋದು ಪಿಕ್ಸೆಲ್‌ನಲ್ಲಿ: ಆರ್5ರ 45 ಮೆಗಾಪಿಕ್ಸೆಲ್ ಆ ಕ್ರಾಪ್ ಆದಮೇಲೆ ಸುಮಾರು 29ಕ್ಕೆ ಇಳಿಯುತ್ತೆ. ಹೊಸದರಲ್ಲಿ ಪೂರ್ತಿ 45 ಇರುತ್ತೆ, ಗರಿಯ ಎಳೆ ಎಣಿಸಬಹುದು.

ಹಳೇದು ನಿಜವಾಗಿ ಗೆಲ್ಲೋದು ಕ್ರಾಪ್ ಬೇಡದಷ್ಟು ಹತ್ತಿರ ಪ್ರಾಣಿ ಸಿಕ್ಕಾಗ. ಆರ್‌ಎಫ್ 254 ಎಂಎಂ ತನಕ ಎಫ್/5 ಒಳಗಿರುತ್ತೆ, 363ರ ಹೊತ್ತಿಗೆ 6.3ಕ್ಕೆ ಬರುತ್ತೆ, 472 ದಾಟಿದ ಮೇಲಷ್ಟೇ 7.1. ಅಂದರೆ 400ರಲ್ಲಿ ನೇರ ಹೋಲಿಸಿದರೆ ಹಳೇದರ 5.6ರ ಎದುರು ಹೊಸದರದು 6.3. ಮೂರನೇ ಒಂದು ಸ್ಟಾಪ್ ನಷ್ಟ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆಗೋದು): ಐಎಸ್‌ಒ 3200 ಇದ್ದದ್ದು 4000. ಅಷ್ಟೇ.

ಹಾಸನದಿಂದ

ಲೆಕ್ಕ ಸರಿ ಇದೆ ಕಣ್ರೀ, ಆದರೆ ದಿನಾ ಹೆಗಲು ಹೇಳೋದು ತೂಕ. ಇಎಫ್ ಮಾರ್ಕ್ 2 ಕಾಲು ಬಿಚ್ಚಿ 1570 ಗ್ರಾಂ, ಅಡಾಪ್ಟರ್ 110, ಒಟ್ಟು 1680. ಆರ್‌ಎಫ್ ಟ್ರೈಪಾಡ್ ಕಾಲರ್ (ಲೆನ್ಸನ್ನ ಟ್ರೈಪಾಡಿಗೆ ಕೂರಿಸೋ ಉಂಗುರ) ತೆಗೆದು 1370. ಮುನ್ನೂರು ಗ್ರಾಂ ಉಳಿತು. ಕಾಲರ್ ವಿಷಯದಲ್ಲೂ ಬೇರೆ ಇದೆ: ಹಳೇದರಲ್ಲಿ ಕಾಲು ಮಾತ್ರ ಬಿಚ್ಚಬಹುದು, ಉಂಗುರ ಲೆನ್ಸಿಗೇ ಅಂಟಿಕೊಂಡಿರುತ್ತೆ. ಹೊಸದರಲ್ಲಿ ಇಡೀ ಉಂಗುರ ಕಳಚಿ ಬರುತ್ತೆ.

ಉದ್ದದಲ್ಲಿ ಇಎಫ್ 193 ಎಂಎಂ, ಅಡಾಪ್ಟರ್ 24 ಎಂಎಂ ಸೇರಿ 217. ಆರ್‌ಎಫ್ 208ರ ಹತ್ತಿರ. ಬ್ಯಾಗಿಗೆ ಇದು ದೊಡ್ಡದಲ್ಲ. ಆದರೆ ಆ 24 ಎಂಎಂ ಇಡೀ ಲೆನ್ಸನ್ನ ಬಾಡಿಯಿಂದ ಮುಂದಕ್ಕೆ ತಳ್ಳುತ್ತಲ್ಲ, ಮೂತಿ ಭಾರ ಕೈಗೆ ಗೊತ್ತಾಗುತ್ತೆ. ಮುಳ್ಳಯ್ಯನಗಿರಿ ಮೇಲಿನ ಗಾಳಿಯಲ್ಲಿ ಹಾರೋ ಹಕ್ಕಿ ಹಿಂದೆ ಲೆನ್ಸ್ ತಿರುಗಿಸೋವಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

ಕೆಲವರು ಅಡಾಪ್ಟರ್ ಚಿತ್ರದ ಗುಣಮಟ್ಟ ಕೆಡಿಸುತ್ತೆ ಅಂತಾರೆ. ಅದರೊಳಗೆ ಗಾಜೇ ಇಲ್ಲ! ಇಎಫ್ ಮೌಂಟಿನಿಂದ ಸೆನ್ಸರ್‌ಗೆ 44 ಎಂಎಂ, ಆರ್‌ಎಫ್‌ನಲ್ಲಿ 20. ನಡುವಿನ 24 ತುಂಬೋ ಖಾಲಿ ಕೊಳವೆ ಅದು, ಜೊತೆಗೆ ವಿದ್ಯುತ್ ಸಂಪರ್ಕದ ಪಿನ್ನುಗಳು. ಇನ್ನೊಂದು ಲಾಭ: ಡಿಎಸ್‌ಎಲ್‌ಆರ್‌ನಲ್ಲಿ ಹಿಂದೆ ಮುಂದೆ ಫೋಕಸ್ ಬೀಳ್ತಿದ್ದ ಲೆನ್ಸ್ ಇಲ್ಲಿ ಸರಿಯಾಗುತ್ತೆ, ಯಾಕಂದ್ರೆ ಫೋಕಸ್ ಅಳೆಯೋದು ಸೆನ್ಸರ್ ಮೇಲೇ. ಲೆನ್ಸಿಗೆ ತಕ್ಕಂತೆ ಫೋಕಸ್ ತಿದ್ದೋ ಮೈಕ್ರೋ ಅಡ್ಜಸ್ಟ್‌ಮೆಂಟ್ ರಗಳೆ ಮುಗೀತು.

ಮೂಡಿಗೆರೆಯಿಂದ

ಫೋಕಸ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ ಮಾರಾಯ್ರೆ. ನನ್ನ ಪ್ರಕಾರ ದುಡ್ಡು ಹಾಕೋದಾದ್ರೆ ಹಾಕಬೇಕಾದ್ದು ಅದಕ್ಕೇ.

ಆರ್‌ಎಫ್‌ನಲ್ಲಿ ಫೋಕಸ್ ಮಾಡೋಕೆ ಎರಡು ನ್ಯಾನೋ ಯುಎಸ್‌ಎಂ ಮೋಟಾರ್, ಇಎಫ್‌ನಲ್ಲಿ ಒಂದು ರಿಂಗ್ ಯುಎಸ್‌ಎಂ ಮೋಟಾರ್. ಕೊಕ್ಕರೆ, ಮಂಗಟ್ಟೆ, ಜಿಂಕೆ ಥರದ್ದಕ್ಕೆ ಎರಡೂ ಒಂದೇ, ಕಣ್ಣು ಹಿಡಿಯೋದರಲ್ಲಿ ಬಾಡಿಯೇ ಕೆಲಸ ಮಾಡುತ್ತೆ. ವ್ಯತ್ಯಾಸ ಕಾಣೋದು ಎರಡು ಕಡೆ. ಒಂದು, ಫೋಕಸ್ ಪೂರ್ತಿ ತಪ್ಪಿ ಎಲ್ಲಾ ಮಬ್ಬಾದಾಗ ವಾಪಸ್ ಬರೋ ವೇಗ. ಎರಡು, ನೇರ ನಿಮ್ಮ ಕಡೆಗೇ ನುಗ್ಗಿ ಬರೋ ಸಣ್ಣ ಹಕ್ಕಿ. ಅಲ್ಲಿ ಸಾಲು ಫ್ರೇಮುಗಳಲ್ಲಿ ಹೊಸದಕ್ಕೆ ಚೂಪಾದವು ಜಾಸ್ತಿ ಸಿಕ್ತವೆ.

ಹಳೇದರಲ್ಲಿ ಇದನ್ನ ಅರ್ಧ ಸರಿಮಾಡಬಹುದು: ಲೆನ್ಸಿನ ಬದಿಯ ಸ್ವಿಚ್ಚನ್ನ 'ಫುಲ್'ನಿಂದ '3 ಮೀ – ಅನಂತ'ಕ್ಕೆ ಹಾಕಿ. ಹತ್ತಿರದ ವ್ಯಾಪ್ತಿಯಲ್ಲಿ ಹುಡುಕ್ತಾ ಹೋಗೋದು ತಪ್ಪುತ್ತೆ. ಚಿಟ್ಟೆ ತೆಗೆಯೋವಾಗ ವಾಪಸ್ 'ಫುಲ್'ಗೆ ಹಾಕೋಕೆ ಮರೀಬೇಡಿ, ಇಲ್ಲಾಂದ್ರೆ ಲೆನ್ಸ್ ಕೆಟ್ಟೋಯ್ತು ಅಂತ ಅಂಗಡಿಗೆ ಓಡ್ತೀರಿ. ಚಿಟ್ಟೆ ಅಂದ್ರೆ, ಹತ್ತಿರದ ಕೆಲಸಕ್ಕೆ ಎರಡೂ ಒಳ್ಳೆಯವೇ: ಇಎಫ್ 0.98 ಮೀಟರ್‌ನಲ್ಲಿ 0.31 ಪಟ್ಟು, ಆರ್‌ಎಫ್ 500ರಲ್ಲಿ 1.2 ಮೀಟರ್‌ನಿಂದ 0.33 ಪಟ್ಟು.

ಕಾಫಿ ಗಿಡದ ಒಳಗೆ ಕೂತ ಹಕ್ಕಿಗೆ ಮಾತ್ರ ನಾನು ಹಳೇದರ ಪರ. ಕ್ಯಾಮೆರಾ ಹಿಂದಿನ ಎಲೆಗೆ ಕಚ್ಚಿಕೊಂಡು ಬಿಡೋದೇ ಇಲ್ಲ ಅನ್ನೋದು ನಿಮಗೂ ಗೊತ್ತಲ್ಲ. ರಿಂಗ್ ಯುಎಸ್‌ಎಂನಲ್ಲಿ ಫೋಕಸ್ ಬಳೆ ಗೇರಿನ ಮೂಲಕ ನೇರ ಗಾಜಿಗೆ ಜೋಡಿಸಿದೆ. ಆಟೋದಲ್ಲಿದ್ದಾಗಲೂ ಬೆರಳಲ್ಲಿ ಎಳೆದು ಹತ್ತಿರಕ್ಕೆ ತಂದು ಮತ್ತೆ ಶಟರ್ ಗುಂಡಿ ಅರೆ ಒತ್ತಿದ್ರೆ ಹಕ್ಕಿಗೇ ಕಚ್ಚುತ್ತೆ. ಆರ್‌ಎಫ್ ಬಳೆ ಬರೀ ವಿದ್ಯುತ್ ಸಂದೇಶ ಕೊಡೋದು. ಮೆನುವಿನಲ್ಲಿ ಎಲೆಕ್ಟ್ರಾನಿಕ್ ಮ್ಯಾನ್ಯುಯಲ್ ಫೋಕಸ್ ಆನ್ ಮಾಡದಿದ್ರೆ ಆಟೋದಲ್ಲಿ ತಿರುಗಿಸಿದ್ರೂ ಏನೂ ಆಗಲ್ಲ. ಕ್ಯಾಮೆರಾ ಮಲಗಿದ್ರೆ ಅದೂ ಮಲಗುತ್ತೆ.

ಪ್ರಶ್ನೆ ಕೇಳಿದವರು

ಸ್ಪೀಡ್ ಬಗ್ಗೆ ಒಂದು ಅನುಮಾನ. ಅಡಾಪ್ಟರ್ ಇದ್ರೆ ಸೆಕೆಂಡಿಗೆ 12 ಫ್ರೇಮ್ ಬರಲ್ಲ ಅಂತಾರೆ, ಹೌದಾ?

ಹಾಸನದಿಂದ

ಅಡಾಪ್ಟರ್ ತಪ್ಪಲ್ಲ, ಅದರ ಮುಂದಿರೋ ಲೆನ್ಸ್ ಯಾವುದು ಅನ್ನೋದರ ಮೇಲಿದೆ. ಪರದೆಯಲ್ಲಿ ಎಚ್ ಪ್ಲಸ್ (ಅತಿ ವೇಗದ ಸಾಲು ಫ್ರೇಮು) ಗುರುತು ಹಸಿರಾಗಿದ್ದರೆ ಪೂರ್ತಿ ವೇಗ, ಬಿಳಿಯಾಗಿದ್ದರೆ ಇಳಿದಿದೆ ಅಂತ ಅರ್ಥ. ಲೆನ್ಸ್ ಮೇಲೆ ಗೂಬೆ ಕೂರಿಸೋ ಮೊದಲು ಬ್ಯಾಟರಿ ನೋಡಿ: ಎಲ್‌ಪಿ-ಇ6ಎನ್‌ಎಚ್ ಆಗಿರಬೇಕು, ಚಾರ್ಜ್ 60 ಶೇಕಡಕ್ಕಿಂತ ಮೇಲಿರಬೇಕು. ವೈಫೈ ಆಫ್ ಇರಬೇಕು, ಫ್ಲಿಕರ್ (ದೀಪದ ಮಿಣುಕು) ತಡೆಯೂ ಆಫ್. ಹಳೇ ಡಿಎಸ್‌ಎಲ್‌ಆರ್‌ನ ಬ್ಯಾಟರಿ ಹಾಕಿ ವೇಗ ಇಲ್ಲ ಅನ್ನೋರೇ ಜಾಸ್ತಿ.

ತರೀಕೆರೆಯಿಂದ

ಲಕ್ಕವಳ್ಳಿ ಅಂದಿರಿ, ಅದಕ್ಕೆ ಬೇರೆಯೇ ಉತ್ತರ. ಬೇಸಿಗೆಯಲ್ಲಿ ಭದ್ರಾ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ರಿವರ್ ಟರ್ನ್‌ಗಳು ಗೂಡು ಮಾಡುತ್ತವೆ. ಬಯಲು ಬೆಳಕು, ಎಫ್/7.1 ಎಂಬುದು ಅಲ್ಲಿ ಚರ್ಚೆಗೇ ಬರುವುದಿಲ್ಲ. ಶಟರ್ 1/2500ಕ್ಕೆ ಏರಿಸಿದರೂ ಐಎಸ್‌ಒ ಕೆಳಗೇ ಇರುತ್ತದೆ. ದೋಣಿಯನ್ನು ನಡುಗಡ್ಡೆಯ ಹತ್ತಿರಕ್ಕೆ ಒಯ್ಯಬಾರದಾದ್ದರಿಂದ ಹೆಚ್ಚಿನ 100 ಎಂಎಂ ಇಲ್ಲಿ ಬೆಲೆಬಾಳುತ್ತದೆ. ದೋಣಿಯಲ್ಲಿ ಟ್ರೈಪಾಡ್ ಇಟ್ಟರೆ ಎಂಜಿನ್ನಿನ ನಡುಕವೆಲ್ಲ ಲೆನ್ಸಿಗೆ ಏರುತ್ತದೆ, ಕೈಯಲ್ಲೇ ಹಿಡಿಯಿರಿ. ಹಾರುವ ಹಕ್ಕಿಗೆ ಐಎಸ್ (ಕೈ ನಡುಕ ಸರಿದೂಗಿಸುವ ಸ್ಥಿರೀಕರಣ) ಮೋಡ್ 3 ಇಡಿ. ಅದು ಕ್ಲಿಕ್ ಆಗುವ ಗಳಿಗೆಯಲ್ಲಷ್ಟೇ ಕೆಲಸ ಮಾಡುವುದರಿಂದ ವ್ಯೂಫೈಂಡರ್‌ನಲ್ಲಿ ಚಿತ್ರ ಎಳೆದಾಡುವುದಿಲ್ಲ. ಎರಡೂ ಲೆನ್ಸಿನಲ್ಲಿ ಈ ಮೋಡ್ ಇದೆ.

ಐಎಸ್ ಬಲ ಕಂಪನಿಯ ಲೆಕ್ಕದಲ್ಲಿ ಹಳೆಯದಕ್ಕೆ 4 ಸ್ಟಾಪ್, ಹೊಸದಕ್ಕೆ 5, ಆರ್5 ಬಾಡಿಯ ಸ್ಥಿರೀಕರಣ ಸೇರಿ 6. ಕೊಂಬೆಯ ಮೇಲೆ ಅಲುಗದೆ ಕೂತ ಹಕ್ಕಿಗೆ 1/60ರಲ್ಲಿ ಇದು ಉಪಯೋಗ. ಅಲುಗುವ ಹಕ್ಕಿಗೆ ಯಾವ ಐಎಸ್ಸೂ ಏನೂ ಮಾಡದು. ಒಂದು ಎಚ್ಚರಿಕೆ: ಲೆನ್ಸಿನ ಐಎಸ್ ಸ್ವಿಚ್ ಆಫ್ ಮಾಡಿದರೆ ಬಾಡಿಯ ಸ್ಥಿರೀಕರಣವೂ ಆಫ್ ಆಗುತ್ತದೆ.

ನಡುಮಧ್ಯಾಹ್ನ ಹಿನ್ನೀರಿನ ಮೇಲೆ ತೆಗೆದ ಚಿತ್ರ ಮೆತ್ತಗೆ ಬಂದರೆ ಲೆನ್ಸ್ ಬೈಯಬೇಡಿ. ಬಿಸಿಗಾಳಿಯ ಅಲೆ ಅದು, ಅಯ್ಯನಕೆರೆಯಲ್ಲೂ ಅದೇ ಕತೆ. 500ರಲ್ಲಿ 400ಕ್ಕಿಂತ ಹೆಚ್ಚು ಎದ್ದು ಕಾಣುತ್ತದೆ. ಅದಕ್ಕೇ ಹೊಸ ಲೆನ್ಸ್ ಕೊಂಡವರು ಮೊದಲ ವಾರ ಗಾಬರಿಯಾಗುವುದು.

ಬೇಲೂರಿನಿಂದ

ಎರಡನ್ನೂ ಒಂದು ದಿನ ಕೈಗೆ ತಂದು ಹೋಲಿಸುವವರಿಗೆ ಕ್ರಮ ಹೇಳ್ತೀನಿ, ಇಲ್ಲದಿದ್ರೆ ಬರೀ ಊಹೆ ಆಗುತ್ತೆ. ಬೆಳಿಗ್ಗೆ ಎಂಟರೊಳಗೆ, 15-20 ಮೀಟರ್ ದೂರದಲ್ಲಿ ಒಂದು ಗೋಣಿಚೀಲ ಬಿಗಿಯಾಗಿ ಕಟ್ಟಿ, ಅದರ ಮೇಲೆ ಪೇಪರ್ ಹಾಳೆ ಅಂಟಿಸಿ. ಟ್ರೈಪಾಡ್, ಐಎಸ್ ಆಫ್, 10 ಸೆಕೆಂಡ್ ಟೈಮರ್, ಯುವಿ ಫಿಲ್ಟರ್ ಬಿಚ್ಚಿ. ಐಎಸ್‌ಒ 400ಕ್ಕೆ ಕಟ್ಟಿಹಾಕಿ. ಮೊದಲು ಎರಡನ್ನೂ 400 ಎಂಎಂ, ಎಫ್/8. ಆಮೇಲೆ ಎರಡನ್ನೂ ಪೂರ್ತಿ ತೆರೆದು. ಕೊನೆಗೆ ಹಳೇದು 400, ಹೊಸದು 500. ಪ್ರತಿ ಸಲ ಫೋಕಸ್ ಕೆಡಿಸಿ ಮತ್ತೆ ಹಿಡಿಸಿ ಐದೈದು ತೆಗೀರಿ, ಒಳ್ಳೇದು ಒಂದನ್ನ ಹೋಲಿಸಿ. ನಡು ಮಾತ್ರ ಅಲ್ಲ, ನಾಲ್ಕೂ ಮೂಲೆ ನೋಡಿ: ಒಂದೇ ಮೂಲೆ ಮಬ್ಬಾಗಿದ್ದರೆ ಒಳಗೆ ಗಾಜು ವಾಲಿದೆ ಅಥವಾ ಅಡಾಪ್ಟರ್ ಸಡಿಲ. ಹಳೇಬೀಡಿನ ಗೋಡೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಅಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಿಡಲ್ಲ.

ನಿಮ್ಮ ಮಾರ್ಕ್ 2 ಇಷ್ಟೆಲ್ಲ ಪರೀಕ್ಷೆಯಲ್ಲೂ ಹೊಸದರ ಹತ್ತಿರ ಹತ್ತಿರ ನಿಲ್ಲುತ್ತೆ. 1998ರ ಮೊದಲ ಆವೃತ್ತಿ, ಹಿಂದೆ ಮುಂದೆ ಎಳೆದು ಜೂಮ್ ಮಾಡೋದು, ಅದು ನಿಲ್ಲಲ್ಲ. ಅದರ ಐಎಸ್ 2 ಸ್ಟಾಪ್, ಟ್ರೈಪಾಡ್ ಮೇಲೆ ಕೈಯಾರೆ ಆಫ್ ಮಾಡಬೇಕು, ಹತ್ತಿರದ ಫೋಕಸ್ 1.8 ಮೀಟರ್. ಅದನ್ನಿಟ್ಟುಕೊಂಡು ಈ ಪ್ರಶ್ನೆ ಕೇಳೋರಿದ್ದರೆ ಬದಲಾಯಿಸಿ ಅಂತಲೇ ಹೇಳ್ತೀನಿ.

ಮೂಡಿಗೆರೆಯಿಂದ

ಮಳೆ ವಿಚಾರ. ಕಂಪನಿಯ ಅಡಾಪ್ಟರ್ ತುಂತುರು, ಧೂಳು ತಡೆಯೋ ಹಾಗೆ ಮಾಡಿದ್ದು, ಇಎಫ್ ಲೆನ್ಸಿನ ಹಿಂದಿನ ರಬ್ಬರ್ ಬಳೆ ಅದರ ಮೇಲೆ ಕೂರುತ್ತೆ. ಆ ರಬ್ಬರ್ ಹರಿದಿದೆಯಾ ನೋಡ್ಕೊಳ್ಳಿ. ಅಗ್ಗದ ಅಡಾಪ್ಟರ್‌ಗಳಲ್ಲಿ ಈ ಭದ್ರತೆ ಇರಲ್ಲ, ತಿರುಗಿಸಿದ್ರೆ ಲಟಲಟ ಅಲ್ಲಾಡ್ತವೆ, ಎರರ್ 01 ಬರುತ್ತೆ. ಅದು ಲೆನ್ಸ್-ಬಾಡಿ ಮಾತುಕತೆ ಕಡಿದಿದೆ ಅಂತ. ಕ್ಯಾಮೆರಾ ಆಫ್ ಮಾಡಿ, ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ನಾಲ್ಕೂ ಕಡೆಯ ಚಿನ್ನದ ಪಿನ್ನು ಒರೆಸಿ: ಬಾಡಿ, ಅಡಾಪ್ಟರ್‌ನ ಹಿಂದೆ ಮುಂದೆ, ಲೆನ್ಸ್. ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಪಿನ್ನು ಉಜ್ಜಬೇಡಿ, ಪುಡಿ ಸೆನ್ಸರ್‌ಗೆ ಬೀಳುತ್ತೆ.

ನೀರು ಒಳಗೆ ಹೋಗೋ ದಾರಿ ಅಡಾಪ್ಟರ್‌ಗಿಂತ ಹೆಚ್ಚಾಗಿ ಜೂಮ್ ಕೊಳವೆ. ಎರಡೂ ಲೆನ್ಸ್ ಉದ್ದ ಆಗೋವೇ. ಹೊರಗೆ ಬಂದ ಕೊಳವೆ ನೆನೆದಿದ್ರೆ ಒರೆಸಿ ಆಮೇಲೆ ಒಳಗೆ ತಳ್ಳಿ. ಒದ್ದೆ ಕೊಳವೆ ತಳ್ಳೋದು, ಮನೆಗೆ ಬಂದು ಬಟ್ಟೆ ಚೀಲದಲ್ಲಿ ಮುಚ್ಚಿಡೋದು, ಮಲೆನಾಡಲ್ಲಿ ಫಂಗಸ್ ಬರೋದು ಹೀಗೇ. ಡ್ರೈ ಕ್ಯಾಬಿನೆಟ್ 40-45 ಶೇಕಡ ತೇವಕ್ಕೆ ಇಡಿ, 30ಕ್ಕಿಂತ ಕೆಳಗೆ ಇಳಿಸಬೇಡಿ. ಕ್ಯಾಬಿನೆಟ್ ಇಲ್ಲದಿದ್ರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವಮಾಪಕ. ಜೆಲ್ ಬಣ್ಣ ತಿರುಗಿದ್ರೆ ಓವನ್‌ನಲ್ಲಿ 110-120 ಡಿಗ್ರಿಗೆ ಒಣಗಿಸಿ.

ಪ್ರಶ್ನೆ ಕೇಳಿದವರು

ಇಷ್ಟು ಕೇಳಿದ ಮೇಲೆ ಮಾರೋ ಮನಸ್ಸು ಅರ್ಧ ಹೋಯ್ತು. ಸೆಕೆಂಡ್ ಹ್ಯಾಂಡ್ ಇಎಫ್ 1.4 ಎಕ್ಸ್ಟೆಂಡರ್ (ಲೆನ್ಸಿನ ಹಿಂದೆ ಹಾಕಿ 1.4 ಪಟ್ಟು ದೊಡ್ಡದು ಮಾಡೋದು) ಮಾತ್ರ ತಗೊಂಡ್ರೆ?

ಸಕಲೇಶಪುರದಿಂದ

ತಗೊಳ್ಳಬಹುದು. 140-560 ಎಂಎಂ, ಎಫ್/6.3-8 ಆಗುತ್ತೆ. 560ನ್ನ 8ರಿಂದ ಭಾಗಿಸಿದರೆ ಮತ್ತೆ ಅದೇ 70! ಆರ್5 ಎಫ್/8ರಲ್ಲಿ ಆರಾಮಾಗಿ ಫೋಕಸ್ ಮಾಡುತ್ತೆ. ಆದರೆ ಎಕ್ಸ್ಟೆಂಡರ್ ಹಾಕಿದಾಗ ನಿಖರತೆಗಾಗಿ ಫೋಕಸ್ ಮೋಟಾರ್ ವೇಗ ಬೇಕಂತಲೇ ಇಳಿಯೋ ಹಾಗೆ ಮಾಡಿದಾರೆ, ಹಾರೋ ಹಕ್ಕಿಗೆ ಬೇಡ. ಜೋಡಿಸೋ ಕ್ರಮ: ಲೆನ್ಸ್, ಎಕ್ಸ್ಟೆಂಡರ್, ಅಡಾಪ್ಟರ್, ಬಾಡಿ. ಆರ್‌ಎಫ್ ಎಕ್ಸ್ಟೆಂಡರ್ ಈ ಸಾಲಿಗೆ ಸೇರಲ್ಲ, ಅಪ್ಪಿತಪ್ಪಿ ಅದನ್ನ ಕೊಳ್ಳಬೇಡಿ.

ಸಫಾರಿ ಜೀಪಿನಲ್ಲಿ ಹಳೇ ಜೋಡಿಗೆ ಇಲ್ಲಿ ಒಂದು ಮೇಲುಗೈ ಇದೆ. ಆರ್‌ಎಫ್ 100-500ಕ್ಕೆ 1.4 ಹಾಕಬೇಕಾದರೆ ಜೂಮ್ 300 ದಾಟಿರಬೇಕು, ಹಾಕಿದ ಮೇಲೆ 300ಕ್ಕಿಂತ ಹಿಂದಕ್ಕೆ ಬರಲ್ಲ. ಅಂದರೆ 420-700, ಎಫ್/8-10. ಮುತ್ತೋಡಿಯಲ್ಲಿ ಆನೆ ದಾರಿಗೇ ಬಂದು ನಿಂತರೆ 420ರಲ್ಲಿ ಕಿವಿ ಮಾತ್ರ ಸಿಗುತ್ತೆ. ಬ್ಯಾಗಿಗೆ ಹಾಕೋವಾಗಲೂ ಲೆನ್ಸ್ ಉದ್ದವಾಗೇ ಇರುತ್ತೆ.

ಸೆಕೆಂಡ್ ಹ್ಯಾಂಡ್ ನೋಡೋವಾಗ ಎಕ್ಸ್ಟೆಂಡರ್ ಮೂತಿಯಿಂದ ಹೊರಗೆ ಚಾಚಿರೋ ಗಾಜಿನ ಮೇಲೆ ಗೀರು ಇದೆಯಾ ನೋಡಿ, ಮುಚ್ಚಳ ಇಲ್ಲದೆ ಇಟ್ಟವರದ್ದು ಅಲ್ಲೇ ಕೆಟ್ಟಿರುತ್ತೆ. ಮೊಬೈಲ್ ಟಾರ್ಚನ್ನ ಹಿಂದಿನಿಂದ ಓರೆಯಾಗಿ ಬಿಡಿ: ಒಂದೆರಡು ಧೂಳು ಪರವಾಗಿಲ್ಲ, ಜೇಡರ ಬಲೆ ಥರ ಎಳೆ ಕಂಡರೆ ವಾಪಸ್ ಕೊಟ್ಟು ಬನ್ನಿ.