ನಿಂತರೆ ಬುಟ್ಟಿ, ಮಗುಚಿದರೆ ಕುಲಾವಿ

“ಬುಟ್ಟಿ ಅಂದ್ಮೇಲೆ ಖಾಲಿ ಇದ್ದಾಗಲೂ ನಿಲ್ಲಬೇಕು ಕಣೇ. ಒಳಗೆ ಸಾಮಾನು ತುಂಬಿದ್ರೆ ಮಾತ್ರ ನಿಲ್ಲುತ್ತೆ ಅಂದ್ರೆ ಅದಕ್ಕೆ ಚೀಲ ಅಂತಾರೆ,” ಎಂದು ಸರೋಜಕ್ಕ ಕ್ರೋಶದ, ಅಂದರೆ ಕೊಕ್ಕೆಯಿರುವ ಕಡ್ಡಿಯಿಂದ ಹೆಣೆಯುವ, ಬುಟ್ಟಿಯ ಬಗ್ಗೆ ಹರಟೆ ಶುರುವಿಟ್ಟರು.

“ನಿಲ್ಲದಿದ್ರೆ ಗಂಜಿ ಹಾಕಿದ್ರಾಯ್ತಲ್ಲ ಅಕ್ಕ,” ಎಂದಳು ವಿಮಲಾ.

“ಗಂಜಿಗೆ ಅಂಗಿ ಕಾಲರ್ ನಿಲ್ಲುತ್ತೆ, ಬುಟ್ಟಿ ನಿಲ್ಲಲ್ಲ. ಒಂದು ಸಲ ನೀರು ಬಿದ್ರೆ ಗಂಜಿಯೂ ಹೋಯ್ತು, ಗತ್ತೂ ಹೋಯ್ತು. ಗಂಜಿ ಇದ್ದ ಕಡೆ ಹುಳಾನೂ ಬರುತ್ತೆ. ನಿಲ್ಲೋ ಗುಣ ಹೆಣಿಗೆಯಲ್ಲೇ ಬರಬೇಕು: ದಪ್ಪ ದಾರ, ಸಣ್ಣ ಕಡ್ಡಿ, ಗಿಡ್ಡ ಹೊಲಿಗೆ.”

“ಸಣ್ಣ ಕಡ್ಡಿ ಅಂದ್ರೆ ಎಷ್ಟು ಸಣ್ಣದು?” ನಾಣಿ ಕೇಳಿದ. ಅವನಿಗೆ ಅಂಕಿ ಇಲ್ಲದೆ ಮಾತು ಇಳಿಯೋದಿಲ್ಲ.

ಪ್ರಭಾ ಬಾಯಿ ಹಾಕಿದಳು. “ದಾರದ ಚೀಟಿ ಮೇಲೆ 10 ಮಿ.ಮೀ. ಕಡ್ಡಿ ಅಂತ ಬರೆದಿದ್ರೆ 8 ತಗೋ. ಚೀಟಿಯವರು ಹೇಳೋದು ಬಟ್ಟೆಗೆ, ಮೈಮೇಲೆ ಮೆತ್ತಗೆ ಬೀಳಲಿ ಅಂತ. ಬುಟ್ಟಿ ಮೆತ್ತಗೆ ಬೀಳೋ ಹಾಗಿಲ್ಲ. ಹಾಗಂತ 6ಕ್ಕೆ ಇಳಿದ್ರೆ ಕಡ್ಡಿ ದಾರದೊಳಗೆ ತೂರೋದೇ ಇಲ್ಲ, ಮಣಿಕಟ್ಟು ಮುಷ್ಕರ ಹೂಡುತ್ತೆ.”

“ಕಡ್ಡೀನ ಪೆನ್ಸಿಲ್ ಹಿಡಿದ ಹಾಗೆ ಹಿಡಿದ್ರೆ ಇನ್ನೂ ಬೇಗ ಹೂಡುತ್ತೆ,” ಸರೋಜಕ್ಕ ಸೇರಿಸಿದರು. “ದಪ್ಪ ದಾರಕ್ಕೆ ಚಾಕು ಹಿಡಿದ ಹಾಗೆ ಮುಷ್ಟೀಲಿ ಹಿಡೀಬೇಕು. ಬಲ ತೋಳಿಂದ ಬರುತ್ತೆ, ಬೆರಳು ಬದುಕ್ಕೊಳ್ಳುತ್ತೆ.”

ದಾರದ ವಿಷಯ ಬಂದರೆ ಇವರಲ್ಲಿ ಎರಡು ಪಕ್ಷ. ವಿಮಲಾ ಟಿ-ಶರ್ಟ್ ದಾರದ ಪಕ್ಷ. ಹಳೇ ಟಿ-ಶರ್ಟಿನ ಕಂಕುಳಿಂದ ಕೆಳಗಿನ ಭಾಗ ಕತ್ತರಿಸು, ಅಂಚಿನ ಮಡಿಕೆ ತೆಗೆ, ಅಡ್ಡಡ್ಡ 2.5 ಸೆಂ.ಮೀ. ಪಟ್ಟಿ ಕತ್ತರಿಸುತ್ತಾ ಹೋಗು, ಒಂದು ಪಕ್ಕದಲ್ಲಿ ನಾಲ್ಕು ಬೆರಳು ಕತ್ತರಿಸದೆ ಬಿಡು, ಕೊನೆಗೆ ಆ ಉಳಿದ ಭಾಗವನ್ನು ಓರೆಯಾಗಿ ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ ಕತ್ತರಿಸಿದರೆ ಇಡೀ ಅಂಗಿ ಒಂದೇ ಉದ್ದದ ದಾರ. ಎಳೆದರೆ ಅಂಚು ಒಳಕ್ಕೆ ಸುರುಳಿಕೊಳ್ಳುತ್ತದೆ. ಸುತ್ತಳತೆ 100 ಸೆಂ.ಮೀ., ಎತ್ತರ 40 ಇದ್ದರೆ 16 ಸುತ್ತು, ಅಂದರೆ ಎಳೆಯುವ ಮುಂಚೆ 16 ಮೀಟರ್.

“ಬರೀ 16 ಮೀಟರಾ? ಒಂದು ಬುಟ್ಟಿಗೆ ಮನೆಯವರೆಲ್ಲ ಅಂಗಿ ಬಿಚ್ಚಬೇಕಾಗುತ್ತಲ್ಲ!” ನಾಣಿ ತನ್ನ ಟಿ-ಶರ್ಟನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

“ಅದಕ್ಕೇ ಉಂಡೆ ಕೊಂಡುಕೊಳ್ಳೋದು,” ಎಂದಳು ಪ್ರಭಾ. “ಆದ್ರೆ ಆ ಉಂಡೆಗಳು ಬಹುಪಾಲು ಬಟ್ಟೆ ಕಾರ್ಖಾನೆ ಉಳಿಕೆ. ಒಂದು ಉಂಡೆ ದಪ್ಪ, ಒಂದು ತೆಳ್ಳಗೆ, ಒಂದರಲ್ಲಿ ಎಲಾಸ್ಟಿಕ್ ಗುಣ ಜಾಸ್ತಿ. ಬುಡಕ್ಕೆ ಬಿಗಿ ದಾರ, ಗೋಡೆಗೆ ಎಳೆಯೋ ದಾರ ಬಂತು ಅಂದ್ರೆ ಬುಟ್ಟಿ ಸೊಂಟದಲ್ಲಿ ಕುಸಿಯುತ್ತೆ. ಕೊಳ್ಳೋ ಮುಂಚೆ ಒಂದು ಗೇಣು ಎಳೆದು ನೋಡಬೇಕು. ರಬ್ಬರ್ ಥರ ಹಿಂದಕ್ಕೆ ಹಾರಿದ್ರೆ ಅದು ಬುಟ್ಟಿಗಲ್ಲ.”

ಸರೋಜಕ್ಕನದು ಹತ್ತಿ ಹುರಿಯ ಪಕ್ಷ. 5 ಮಿ.ಮೀ. ಹೆಣೆದ ಹುರಿ, ಒಳಗೆ ತಿರುಳಿರುವಂಥದ್ದು. ಅದು ಎಳೆಯೋದಿಲ್ಲ, ಹೊಲಿಗೆ ಎಣಿಸೋದಕ್ಕೂ ಸಲೀಸು. ಕತ್ತರಿಸಿದ ತುದಿ ಪೊರಕೆಯಾಗುತ್ತದೆ, ಅದಕ್ಕೆ ಟೇಪ್ ಸುತ್ತಿ ಅದರ ಮೇಲೆ ಕತ್ತರಿಸಬೇಕು.

“ಬೆಂಕಿಕಡ್ಡಿ ಗೀರಿ ತುದಿ ಕರಗಿಸಿದ್ರೆ?”

“ಪಾಲಿಯೆಸ್ಟರ್, ನೈಲಾನ್ ಹುರಿಗೆ ಸರಿ ಕಣೋ. ಹತ್ತಿ ಕರಗಲ್ಲ, ಉರಿಯುತ್ತೆ.”

ಸೆಣಬಿನ ಹುರಿಯನ್ನು ಯಾರೂ ಹೊಗಳಲಿಲ್ಲ, ಯಾರೂ ಬಿಟ್ಟುಕೊಡಲೂ ಇಲ್ಲ. ಗಟ್ಟಿಯಾಗಿ ನಿಲ್ಲುತ್ತದೆ ನಿಜ. ಆದರೆ ಎಳೆ ಉದುರುತ್ತದೆ, ಬೆರಳು ಕೆರೆಯುತ್ತದೆ, ಒದ್ದೆಯಾಗಿ ಉಳಿದರೆ ಬೂಷ್ಟು. ಬಚ್ಚಲಮನೆ ಬುಟ್ಟಿಗೆ ಬೇಡ ಅನ್ನುವಲ್ಲಿಗೆ ಆ ಮಾತು ಮುಗಿಯಿತು. ಅಕ್ರಿಲಿಕ್ ಉಲ್ಲನ್ ಮಾತ್ರ ಇದೆ ಅನ್ನುವವರಿಗೆ ಸರೋಜಕ್ಕನ ದಾರಿ: ಎರಡೋ ಮೂರೋ ಎಳೆ ಜೊತೆಗೂಡಿಸಿ ಒಂದೇ ದಾರದ ಹಾಗೆ ಹೆಣೆಯುವುದು, ಇಸ್ತ್ರಿಪೆಟ್ಟಿಗೆಯನ್ನು ಹತ್ತಿರಕ್ಕೂ ತರದಿರುವುದು. ಬಿಸಿ ಹಬೆ ತಗುಲಿದ ಅಕ್ರಿಲಿಕ್ ಜೋಲು ಬಿದ್ದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ.

“ಸರಿ, ಬುಡಕ್ಕೆ ಬನ್ನಿ,” ವಿಮಲಾ ಅವಸರಿಸಿದಳು. “ಮ್ಯಾಜಿಕ್ ರಿಂಗ್, ಅಂದ್ರೆ ಎಳೆದ್ರೆ ಬಿಗಿಯಾಗೋ ದಾರದ ಬಳೆ. ಅದರೊಳಗೆ ಆರು ಸಿಂಗಲ್ ಕ್ರೋಶ, ಅದೇ ಗಿಡ್ಡ ಹೊಲಿಗೆ. ಎರಡನೇ ಸುತ್ತಲ್ಲಿ ಪ್ರತಿ ಹೊಲಿಗೆಗೆ ಎರಡೆರಡು, 12 ಆಯ್ತು. ಆಮೇಲೆ 18, 24, 30. ಸುತ್ತಿಗೆ ಆರರಂತೆ ಏರಿಸ್ತಾ ಹೋಗೋದು.”

“ಆರೇ ಯಾಕೆ? ಐದಾದ್ರೆ ದಾರ ಉಳಿಯುತ್ತಲ್ಲ?” ನಾಣಿಯ ತಕರಾರು.

ಪ್ರಭಾ ಕಾಯುತ್ತಿದ್ದದ್ದು ಇದಕ್ಕೇ. “ಸಿಂಗಲ್ ಕ್ರೋಶ ಎತ್ತರ ಎಷ್ಟೋ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಒಂದು ಸುತ್ತು ಸೇರಿದ್ರೆ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೀತು. ಸುತ್ತಳತೆ ಅದರ 6.28 ಪಟ್ಟು ಬೆಳೀಬೇಕು, ಅಂದ್ರೆ ಆರು ಹೊಲಿಗೆ. ಡಬಲ್ ಕ್ರೋಶ ಎರಡರಷ್ಟು ಎತ್ತರ, ಅದಕ್ಕೆ 12. ಇವೆರಡರ ನಡುವಿನ ಎತ್ತರದ್ದು ಹಾಫ್ ಡಬಲ್, ಅದಕ್ಕೆ 8. ನೀನು ಐದೇ ಏರಿಸಿದ್ರೆ ಅಂಚಿಗೆ ಜಾಗ ಸಾಲದೆ ಮೇಲಕ್ಕೆ ಬಾಗುತ್ತೆ.”

“ಬಾಗಿದ್ರೆ ಬುಟ್ಟಿ ತಾನಾಗಿಯೇ ಆಯ್ತಲ್ಲ!”

“ಕುಲಾವಿ ಆಗುತ್ತೆ. ಕೂಸು ಹುಟ್ಟೋಕೆ ಮುಂಚೆ,” ಎಂದರು ಸರೋಜಕ್ಕ.

“ಹಾಗಾದ್ರೆ ಏಳೆಂಟು ಏರಿಸಿಬಿಟ್ರೆ ಸೇಫ್?”

“ಅಂಚಿಗೆ ಜಾಗ ಜಾಸ್ತಿಯಾಗಿ ಅಲೆ ಅಲೆ ಎದ್ದು ಫ್ರಿಲ್ ಆಗುತ್ತೆ. ಡೈನಾ ತೈಮಿನಾ ಅಂತ ಗಣಿತದವರು 1997ರಲ್ಲಿ ಬೇಕಂತಲೇ ಹಾಗೆ ಏರಿಸುತ್ತಾ ಹೋಗಿ ಕ್ರೋಶದಲ್ಲೇ ಹೈಪರ್ಬೋಲಿಕ್ ಮೇಲ್ಮೈ, ಅಂದ್ರೆ ಅಂಚಿಗೆ ಹೋದಷ್ಟೂ ಅಲೆ ಹೆಚ್ಚೋ ಮೇಲ್ಮೈ, ಹೆಣೆದರು. ಕಾಗದದಲ್ಲಿ ತೋರಿಸೋದಕ್ಕೆ ಕಷ್ಟವಾದದ್ದು ಉಲ್ಲನ್‌ನಲ್ಲಿ ಕೈಗೇ ಸಿಕ್ತು. ಅವರು ಮಾಡಿದ್ರೆ ಜ್ಯಾಮಿತಿ, ನೀನು ಮಾಡಿದ್ರೆ ಕಾಲೊರಸು.”

“ಕಾಲೊರಸೂ ನೆಲಕ್ಕೆ ಅಂಟಿ ಕೂರಬೇಕು ಕಣೇ, ಅದೂ ಅಲ್ಲ,” ಎಂದು ಸರೋಜಕ್ಕ ಆ ಗೌರವವನ್ನೂ ಕಿತ್ತುಕೊಂಡರು.

ಇಷ್ಟು ಹೇಳಿದ ಮೇಲೂ ಆರು ಅನ್ನೋದು ಶಿಲಾಶಾಸನವಲ್ಲ. ಕೈ ಬಿಗಿ ಇರುವವರ ಹೊಲಿಗೆ ಒಂದು ರೀತಿ, ಸಡಿಲ ಇರುವವರದು ಇನ್ನೊಂದು ರೀತಿ. ಮೂರು ಸುತ್ತಿಗೊಮ್ಮೆ ಮೇಜಿನ ಮೇಲೆ ಇಟ್ಟು ನೋಡಬೇಕು. ಬಾಗುತ್ತಿದ್ದರೆ ಅರ್ಧ ಮಿ.ಮೀ. ದೊಡ್ಡ ಕಡ್ಡಿ, ಅಥವಾ ಸುತ್ತಿಗೆ ಏಳು. ಅಲೆ ಏಳುತ್ತಿದ್ದರೆ ಏರಿಸದೆ ಒಂದು ಸುತ್ತು ಸುಮ್ಮನೆ ಹೆಣೆದರೆ ತಣ್ಣಗಾಗುತ್ತದೆ. ಹತ್ತನೇ ಸುತ್ತಿನಲ್ಲಿ ನೋಡಿಕೊಂಡು “ನೆಲ ಡೊಂಕು” ಅನ್ನುವವರಿಗೆ ಗಾದೆ ಮೊದಲೇ ತಯಾರಿದೆ.

“ಇನ್ನೊಂದಿದೆ,” ವಿಮಲಾ ನೆನಪಿಸಿದಳು. “ಏರಿಸೋ ಹೊಲಿಗೆ ಪ್ರತಿ ಸುತ್ತಲ್ಲೂ ಒಂದರ ಮೇಲೊಂದು ಬಂದ್ರೆ ವೃತ್ತ ಹೋಗಿ ಷಟ್ಕೋನ ಆಗುತ್ತೆ.”

“ಒಂದು ಸುತ್ತು ಬಿಟ್ಟು ಒಂದು ಸುತ್ತಲ್ಲಿ ಜಾಗ ಸರಿಸಬೇಕು. 18ರಿಂದ 24ಕ್ಕೆ ಹೋಗುವಾಗ ‘ಎರಡು ಹೊಲಿಗೆ, ಒಂದು ಏರಿಕೆ’ ಅಂತ ಆರು ಸಲ ಅನ್ನೋ ಬದಲು, ಮೊದಲು ಒಂದು ಹೊಲಿಗೆ, ಒಂದು ಏರಿಕೆ. ಆಮೇಲೆ ‘ಎರಡು ಹೊಲಿಗೆ, ಒಂದು ಏರಿಕೆ’ ಐದು ಸಲ. ಕೊನೆಗೆ ಒಂದು ಹೊಲಿಗೆ. ಲೆಕ್ಕ ಅದೇ, ಮೂಲೆ ಮಾಯ.”

ಮೊಟ್ಟೆ ಆಕಾರದ ಬುಡಕ್ಕೂ ಇದೇ ನ್ಯಾಯ. ಉದ್ದದಿಂದ ಅಗಲ ಕಳೆದರೆ ಉಳಿಯುವುದು ಶುರುವಿನ ಚೈನಿನ (ಸರಪಳಿ ಹೊಲಿಗೆಯ) ಉದ್ದ: 30ಕ್ಕೆ 20 ಸೆಂ.ಮೀ. ಬುಡಕ್ಕೆ 10 ಸೆಂ.ಮೀ. ಚೈನ್. 11 ಚೈನ್ ಹಾಕಿದರೆ ಕಡ್ಡಿ ಕಡೆಯಿಂದ ಎರಡನೇ ಚೈನಿಂದ ಶುರುಮಾಡಿ ಒಂಬತ್ತು ಸಿಂಗಲ್, ಕೊನೆಯದರಲ್ಲಿ ಮೂರು, ತಿರುಗಿ ಆಚೆ ಬದಿಯಲ್ಲಿ ಎಂಟು, ಕೊನೆಯದರಲ್ಲಿ ಎರಡು, ಒಟ್ಟು 22. ಮುಂದೆ ಸುತ್ತಿಗೆ ಆರು ಏರಿಕೆ, ತುದಿಗೆ ಮೂರರಂತೆ. ನೇರ ಬದಿಯಲ್ಲಿ ಏರಿಸಿದರೆ ಬುಟ್ಟಿಗೆ ಹೊಟ್ಟೆ ಬರುತ್ತದೆ.

“20 ಸೆಂ.ಮೀ. ವ್ಯಾಸದ ದುಂಡು ಬುಡ ಅಂತ ಇಟ್ಕೊಳ್ಳಿ,” ಪ್ರಭಾ ಬೆರಳು ಮಡಿಸಿದಳು. “ದಪ್ಪ ದಾರದಲ್ಲಿ ಸುತ್ತಿಗೆ ಸುಮಾರು ಒಂದು ಸೆಂ.ಮೀ. ಅಂದ್ರೆ ಹತ್ತು ಸುತ್ತು, ಕೊನೆ ಸುತ್ತಲ್ಲಿ 60 ಹೊಲಿಗೆ. ಬುಡದಲ್ಲಿ ಒಟ್ಟು 330. ಗೋಡೆ 15 ಸುತ್ತು, 900 ಹೊಲಿಗೆ. ಬುಡ ಮುಗಿದ ಕೂಡಲೇ ತಕ್ಕಡಿಗೆ ಹಾಕಿ. 200 ಗ್ರಾಂ ತೂಗಿದ್ರೆ ಗೋಡೆಗೆ ಇನ್ನೂ 550 ಬೇಕು. ಉಂಡೆಯಲ್ಲಿ ಅಷ್ಟಿಲ್ಲ ಅಂದ್ರೆ ಆಗಲೇ ಇನ್ನೊಂದು ಬಣ್ಣ ಆರಿಸಿಕೊಳ್ಳಿ. ಅಂಚಿಗೆ ನಾಲ್ಕು ಹೊಲಿಗೆ ಬಾಕಿ ಇದ್ದಾಗ ದಾರ ಮುಗಿಯೋದಕ್ಕಿಂತ ದೊಡ್ಡ ಅಪಮಾನ ಇಲ್ಲ.”

“ಅದನ್ನೇ ‘ಡಿಸೈನ್’ ಅನ್ನೋದು,” ಎಂದ ನಾಣಿ.

ಬುಡದಿಂದ ಗೋಡೆಗೆ ತಿರುಗುವ ಸುತ್ತು ಒಂದೇ, ಜಗಳ ಮಾತ್ರ ದೊಡ್ಡದು. ಏರಿಕೆಯಿಲ್ಲದೆ, ಹೊಲಿಗೆಯ ತಲೆಯ ಎರಡು ಎಳೆಗಳಲ್ಲಿ ಹಿಂದಿನದರೊಳಗೆ ಮಾತ್ರ ಕಡ್ಡಿ ಹಾಕಿ ಒಂದು ಸುತ್ತು ಬರಬೇಕು ಎಂದು ವಿಮಲಾ. ಮುಂದಿನ ಎಳೆ ಏಣಿನಂತೆ ಉಳಿದು ಅಂಚು ಕಾಣುತ್ತದೆ. ಒಂದೇ ಎಳೆಯ ಮೇಲೆ ಇಡೀ ಗೋಡೆ ನಿಂತರೆ ಭಾರಕ್ಕೆ ಕಣ್ಣು ಬಿಡುತ್ತದೆ, ಪುಸ್ತಕ, ಆಟದ ಸಾಮಾನು ತುಂಬುವುದಾದರೆ ಹೊಲಿಗೆಯ ಕಾಂಡವನ್ನೇ ಹಿಂದಿನಿಂದ ಬಳಸಿ ಹೆಣೆಯಬೇಕು ಎಂದು ಸರೋಜಕ್ಕ. ಇಬ್ಬರೂ ಸರಿ. ಆದರೂ ಭಾರದ ಬುಟ್ಟಿಗೆ ನನ್ನ ಮತ ಅಕ್ಕನಿಗೆ.

“ಈಗ ಗೋಡೆ ಒಳಕ್ಕೆ ವಾಲೋದು ಯಾಕೆ ಹೇಳಿ,” ವಿಮಲಾ ಸವಾಲೆಸೆದಳು.

“ಬುಡ ಹೆಣೆಯುವಾಗ ಮೇಜಿನ ಮೇಲಿತ್ತು, ಕೈ ಆರಾಮಾಗಿತ್ತು. ಗೋಡೆ ಬಂದಮೇಲೆ ಬುಟ್ಟೀನ ಒಂದು ಕೈಲಿ ಎತ್ತಿಕೊಂಡು ಹೆಣೀತಾರೆ, ಹಿಡಿತ ಬಿಗಿಯಾಗುತ್ತೆ. ಇಲ್ಲಾಂದ್ರೆ ಹೊಲಿಗೆ ಕಳ್ಳತನ: 60 ಇದ್ದದ್ದು 57 ಆಗಿರುತ್ತೆ.”

“ಯಾರು ಕದ್ದರು?”

“ಸುತ್ತು ಕೂಡಿಸೋ ಜಾಗ. ಸ್ಲಿಪ್ ಸ್ಟಿಚ್, ಅಂದ್ರೆ ಎತ್ತರವಿಲ್ಲದ ಕೂಡಿಸೋ ಹೊಲಿಗೆ, ಹಾಕಿ ಸುತ್ತು ಮುಗಿಸೋರು ಮೊದಲನೇ ಹೊಲಿಗೇನ ಬಿಟ್ಟುಬಿಡ್ತಾರೆ, ಸುತ್ತಿಗೆ ಒಂದು ಕಮ್ಮಿ. ಇಲ್ಲ, ಆ ಸ್ಲಿಪ್ ಸ್ಟಿಚ್ಚನ್ನೇ ಹೊಲಿಗೆ ಅಂದ್ಕೊಂಡು ಅದರೊಳಗೂ ಹೆಣೀತಾರೆ, ಸುತ್ತಿಗೆ ಒಂದು ಜಾಸ್ತಿ, ಬುಟ್ಟಿ ಬಾಯಿ ಅಗಲ. ಮೊದಲ ಹೊಲಿಗೆಗೆ ಮಾರ್ಕರ್ ಹಾಕಿದ್ರೆ ಎರಡೂ ತಪ್ಪುತ್ತೆ. ಸೇಫ್ಟಿ ಪಿನ್ ಆದ್ರೂ ಸಾಕು.”

ಕೂಡಿಸದೆ ಸುರುಳಿಯಾಗಿ ಹೋದರೆ ಜೋಡಣೆಯ ಗೆರೆಯೇ ಇರುವುದಿಲ್ಲ, ಕೊನೆಯಲ್ಲಿ ಒಂದು ಮೆಟ್ಟಿಲು ಮಾತ್ರ ಉಳಿಯುತ್ತದೆ. ಕೊನೆಗೆ ಎರಡು ಸ್ಲಿಪ್ ಸ್ಟಿಚ್ ಹಾಕಿ ಇಳಿಸಿದರೆ ಅದೂ ಕಾಣದು. ಪಟ್ಟೆ ಬಣ್ಣ ಬೇಕಾದವರು ಮಾತ್ರ ಕೂಡಿಸುವ ಸುತ್ತಿಗೆ ಹೋಗಲಿ. ಬಣ್ಣ ಬದಲಿಸುವಾಗ ಹಳೇ ಬಣ್ಣದ ಕೊನೆಯ ಹೊಲಿಗೆಯ ಕೊನೆಯ ಎಳೆತವನ್ನು ಹೊಸ ದಾರದಲ್ಲಿ ಎಳೆಯಬೇಕು.

“ಒಳಮುಖ ಹೊರಮುಖ ಹೇಳಲೇ ಇಲ್ಲ,” ನಾಣಿ ಈಗ ಪರಿಣತನಂತೆ ಮಾತಾಡಿದ.

“ಕಡ್ಡಿ ಬುಟ್ಟಿಯ ಹೊರಗಿನಿಂದ ಒಳಕ್ಕೆ ಚುಚ್ಚಬೇಕು ಕಣೋ. ಒಳಗೆ ಇಣುಕಿಕೊಂಡು ಒಳಗಿನಿಂದ ಹೊರಕ್ಕೆ ಚುಚ್ಚುತ್ತಾ ಇದ್ರೆ ಹೊಲಿಗೆಯ ಬೆನ್ನು ಹೊರಗೆ ಬಂದಿದೆ ಅಂತ. ನಾಲ್ಕು ಸುತ್ತಿನೊಳಗೆ ಮಗುಚಿದ್ರೆ ಮಗುಚುತ್ತೆ. ದಪ್ಪ ಹುರಿಯಲ್ಲಿ ಹತ್ತು ಸುತ್ತಾದಮೇಲೆ ಮಗುಚೋದಕ್ಕೆ ಇಬ್ಬರು ಪೈಲ್ವಾನರು ಬೇಕು.”

ಗೋಡೆ ಇನ್ನೂ ಗಟ್ಟಿ ಬೇಕೆನ್ನುವವರಿಗೆ ಮೂರು ಉಪಾಯ ಹೊರಬಿದ್ದವು. ಒಂದು, ದಾರವನ್ನು ಕಡ್ಡಿಯ ಮೇಲಿಂದ ಸುತ್ತುವ ಬದಲು ಕಡ್ಡಿಯನ್ನೇ ದಾರದ ಮೇಲಿಟ್ಟು ಕೊಕ್ಕೆಯಲ್ಲಿ ಎಳೆಯುವುದು. ಹೊಲಿಗೆ ಗುಣಾಕಾರ ಚಿಹ್ನೆಯ ಹಾಗೆ ಕಂಡು ಗಿಡ್ಡ, ಬಿಗಿ ಆಗುತ್ತದೆ. ಇನ್ನೊಂದು, ಹೊಲಿಗೆಯ ತಲೆಗಲ್ಲ, ಅದರ ಎರಡು ಕಾಲುಗಳ ನಡುವೆ ಕಡ್ಡಿ ತೂರಿಸುವುದು. ಇದು ನೋಡಲು ಸ್ವೆಟರ್ ಹೆಣಿಗೆ, ಮುಟ್ಟಿದರೆ ಹಲಗೆ. ಆದರೆ ದೊಡ್ಡ ಕಡ್ಡಿ, ಸಡಿಲ ಕೈ ಇಲ್ಲದಿದ್ದರೆ ಎರಡನೇ ಸುತ್ತಿಗೇ ಕಡ್ಡಿ ತೂರದು. ಇದಕ್ಕೆ ಸುತ್ತು ಹೆಚ್ಚು, ದಾರವೂ ಹೆಚ್ಚು. ಮೂರನೆಯದಕ್ಕೆ ಸರೋಜಕ್ಕನ ವೋಟು: 5 ಮಿ.ಮೀ. ಹಗ್ಗವನ್ನು ಹಿಂದಿನ ಸುತ್ತಿನ ತಲೆಯ ಮೇಲಿಟ್ಟು ಅದನ್ನು ಒಳಗೊಂಡೇ ಸಿಂಗಲ್ ಹೆಣೆಯುವುದು. ನಾಲ್ಕೈದು ಹೊಲಿಗೆಗೊಮ್ಮೆ ಹಗ್ಗವನ್ನು ಸವರಿ ಸಡಿಲ ಬಿಡಬೇಕು. ಎಳೆದು ಹಿಡಿದರೆ ಬುಟ್ಟಿಯ ಕತ್ತು ಹಿಸುಕಿದಂತೆ.

“ಹಿಡಿಕೆ?”

“ಕಷ್ಟವೇ ಇಲ್ಲ. 60 ಹೊಲಿಗೆಗೆ: 11 ಸಿಂಗಲ್, 8 ಚೈನ್ ಹಾಕಿ 8 ಹೊಲಿಗೆ ಬಿಡು, 22 ಸಿಂಗಲ್, ಮತ್ತೆ 8 ಚೈನ್ ಹಾಕಿ 8 ಬಿಡು, 11 ಸಿಂಗಲ್. ಮುಂದಿನ ಸುತ್ತಲ್ಲಿ ಚೈನಿನ ಕಣ್ಣಿಗೆ ಹುಡುಕದೆ, ಇಡೀ ಚೈನನ್ನು ಒಳಗೊಂಡು 8 ಸಿಂಗಲ್ ಹೆಣಿ. ಅದರ ಮೇಲೆ ಒಂದು ಸ್ಲಿಪ್ ಸ್ಟಿಚ್ ಸುತ್ತು ಬಂದ್ರೆ ಬಾಯಿ ಎಳೆದು ಜೋಲೋದು ಕಮ್ಮಿ. ಚೈನ್ ಒಂದನ್ನೇ ನಂಬಿ ಬುಟ್ಟಿ ಎತ್ತಿದ್ರೆ ಹಿಡಿಕೆ ಮೊಣಕೈಗೆ, ಬುಟ್ಟಿ ಮೊಣಕಾಲಿಗೆ.”

ದಾರದ ತುದಿ ಕೂಡಿಸಲು ಗಂಟು ಬೇಡವೆಂಬುದರಲ್ಲಿ ಒಮ್ಮತ. ಟಿ-ಶರ್ಟ್ ದಾರವನ್ನು ಎರಡು ಸೆಂ.ಮೀ. ಒಂದರ ಮೇಲೊಂದಿಟ್ಟು ಅದೇ ಬಣ್ಣದ ಹೊಲಿಗೆ ದಾರದಲ್ಲಿ ಸೂಜಿಯಿಂದ ಹೊಲಿದರೆ ಸಾಕು. ಗಂಟು ಎಲ್ಲಿ ಹಾಕಿದರೂ ಹೊರಮುಖಕ್ಕೇ ಬಂದು ಇಣುಕುತ್ತದೆ.

“ಮುಚ್ಚಳ?” ನಾಣಿ ಕೊನೆಯ ಬಾಣ ಬಿಟ್ಟ.

“ಬುಡದ ಹಾಗೇ ಹೆಣಿ, ಇನ್ನೊಂದೇ ಸುತ್ತು ಹೆಚ್ಚಿಗೆ ಏರಿಸು,” ಎಂದಳು ಪ್ರಭಾ. “66 ಹೊಲಿಗೆ. ಆಮೇಲೆ ಏರಿಸದೆ ಮೂರು ಸುತ್ತು ಹೆಣೆದ್ರೆ 60ರ ಬಾಯಿ ಮೇಲೆ ಕೂರುತ್ತೆ. ದಾರ ತೀರಾ ದಪ್ಪ ಇದ್ರೆ 72ಕ್ಕೆ ಹೋಗಬೇಕಾಗಬಹುದು, ಹಾಕಿ ನೋಡಿಕೊಂಡೇ ಮುಂದುವರಿಸು.”

“ಅಂದ್ರೆ ಬುಡ, ಅದಕ್ಕೆ ಗಿಡ್ಡ ಗೋಡೆ, ತಲೆಕೆಳಗು. ಹಾಗಾದ್ರೆ ಅದು...”

“ಹೂಂ ಕಣೋ,” ಎಂದರು ಸರೋಜಕ್ಕ. “ತಲೆ ಅಳತೆ ಕೊಡು, ನಿನಗೂ ಒಂದು ಹೆಣೆಯೋಣ.”