ತೊಳೆದ ಮಾರನೇ ದಿನವೇ ಬ್ರೇಕ್ ಡಿಸ್ಕ್ ಕೆಂಪಾಗುತ್ತದೆ, ಏನು ಮಾಡಲಿ?

ಹೊಸನಗರದ ಹುಡುಗ:
ನಮ್ಮ ಮನೆ ನಗರದಿಂದ ಸ್ವಲ್ಪ ಒಳಗೆ. ಭಾನುವಾರ ಅಂಗಳದಲ್ಲಿ ಕಾರು ತೊಳೆದು ಶೆಡ್ಡಿಗೆ ಹಾಕುತ್ತೇನೆ. ಶಿವಮೊಗ್ಗಕ್ಕೆ ಹೋಗುವುದಿದ್ದರೆ ಮಾತ್ರ ಮತ್ತೆ ತೆಗೆಯುವುದು. ಬೆಳಗ್ಗೆ ನೋಡಿದರೆ ಮುಂದಿನ ಡಿಸ್ಕ್ ಪೂರ್ತಿ ಕೆಂಪು. ಹೊರಡುವಾಗ ಹಿಂದಿನ ಚಕ್ರ ಕಚ್ಚಿಕೊಂಡು ಟಕ್ ಅಂತ ಬಿಡುತ್ತದೆ. ಅಲಾಯ್ ವೀಲ್ ಮೇಲೂ ಕಂದು ಚುಕ್ಕಿಗಳು. ಡಿಸ್ಕಿಗೆ ಸ್ವಲ್ಪ ಎಣ್ಣೆ ಒರೆಸಿ ಇಡಬಹುದಾ?

ತುಂಗೆ ದಡದವ, ತೀರ್ಥಹಳ್ಳಿ:
ಎಣ್ಣೆ ಬೇಡವೇ ಬೇಡ. ತುಕ್ಕು ಬಿಡಿಸೋಕೆ ಹೊಡೆಯುವ ಡಬ್ಲ್ಯುಡಿ-40 ಸ್ಪ್ರೇ, ಪಾಲಿಶ್ ಕೂಡ ಡಿಸ್ಕಿಗೆ ತಾಗಬಾರದು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಅದುಮಿ ನಿಲ್ಲಿಸುವ ಪ್ಯಾಡ್ ಎಣ್ಣೆ ಕುಡಿದರೆ ಬ್ರೇಕ್ ಹಿಡಿಯುವುದಿಲ್ಲ. ಆಗುಂಬೆಯೋ ಹುಲಿಕಲ್ಲೋ ಘಾಟಿ ಇಳಿಯುವ ಜನ ನಾವು, ಇದನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ.

ಡಿಸ್ಕ್ ಬೀಡು ಕಬ್ಬಿಣದ್ದು. ಪ್ಯಾಡ್ ಉಜ್ಜುವ ಜಾಗಕ್ಕೆ ಬಣ್ಣ ಹೊಡೆಯುವ ಹಾಗಿಲ್ಲ, ಹಾಗಾಗಿ ನೀರು ಬಿದ್ದ ಕೆಲವೇ ಗಂಟೆಯಲ್ಲಿ ಕೆಂಪು ಹಿಡಿಯುತ್ತದೆ. ಆ ತೆಳು ತುಕ್ಕನ್ನು ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಪ್ಯಾಡೇ ಕೆರೆದು ತೆಗೆಯುತ್ತದೆ. ಒದ್ದೆ ಕಾರನ್ನು ದಿನಗಟ್ಟಲೆ ಹಾಗೇ ನಿಲ್ಲಿಸಿದರೆ ಮಾತ್ರ ಕಷ್ಟ. ಪ್ಯಾಡ್ ಕೂತ ಜಾಗದಲ್ಲಿ ತೇವ ಉಳಿದು, ಅದರ ಅಚ್ಚಿನಂತೆಯೇ ತುಕ್ಕು ಆಳಕ್ಕೆ ಇಳಿಯುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗ ಪೆಡಲ್ ಅದುರಲು ಶುರು.

ತೊಳೆದ ಮೇಲೆ ಸೀದಾ ಶೆಡ್ಡಿಗೆ ಹಾಕಬೇಡಿ. ಎರಡು ಮೂರು ಕಿಲೋಮೀಟರ್ ಓಡಿಸಿ. ಹಿಂದೆ ಗಾಡಿ ಇಲ್ಲದ ಕಡೆ ಮೆಲ್ಲಗೆ ಬ್ರೇಕ್ ಒತ್ತಿ, ಬಿಡಿ, ಮತ್ತೆ ಒತ್ತಿ. ಆ ಬಿಸಿಗೇ ಡಿಸ್ಕೂ ಒಣಗುತ್ತದೆ, ಹಿಂದಿನ ಚಕ್ರದ ಬ್ರೇಕ್ ಡ್ರಮ್ಮೂ ಒಣಗುತ್ತದೆ. ನಿಮ್ಮ ಟಕ್ ಸದ್ದು ಬಹುಶಃ ಡ್ರಮ್ಮಿಗೆ ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ಅಂಟಿಕೊಂಡಿದ್ದಕ್ಕೇ ಬರುವುದು. ನೆಲ ಸಮತಟ್ಟಾಗಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಫಸ್ಟ್ ಗೇರಿಗೆ ಹಾಕಿ, ಚಕ್ರದ ಎರಡೂ ಕಡೆ ಕಲ್ಲು ಕೊಡಿ.

ಇನ್ನೊಂದು. ಘಾಟಿ ಇಳಿದು ಬಂದ ಬಿಸಿ ಡಿಸ್ಕಿಗೆ ತಣ್ಣೀರು ಹೊಡೆಯಬೇಡಿ, ಸೊಟ್ಟಗಾಗಬಹುದು.

ಸಾಗರದಿಂದ:
ಚುಕ್ಕಿ ವಿಷಯ ನಾನು ಹೇಳುತ್ತೇನೆ. ಅಲಾಯ್ ಅಂದರೆ ಹೆಚ್ಚಿನಂಶ ಅಲ್ಯೂಮಿನಿಯಂ, ಅದಕ್ಕೆ ಕೆಂಪು ತುಕ್ಕು ಬರುವುದಿಲ್ಲ. ಒದ್ದೆ ಬೆರಳಲ್ಲಿ ಉಜ್ಜಿ ನೋಡಿ. ಕೆಂಪು ಕೈಗೆ ಬಂದರೆ ಅದು ನಮ್ಮೂರ ಜಂಬಿಟ್ಟಿಗೆ ಮಣ್ಣು, ಶಾಂಪೂ ನೀರಲ್ಲಿ ಹೋಗುತ್ತದೆ. ಕೈಗೆ ಬರದೆ ಉಗುರಿಗೆ ತರಿತರಿ ಸಿಕ್ಕಿದರೆ ಅದು ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ. ವೀಲ್ ಮೇಲೆ ಕೂತು ಅಲ್ಲೇ ತುಕ್ಕಾಗಿರುತ್ತದೆ. ಅದಕ್ಕೆ ಐರನ್ ರಿಮೂವರ್ ಸ್ಪ್ರೇ ಸಿಗುತ್ತದೆ. ತಣ್ಣಗಿರುವ ವೀಲಿಗೆ ನೆರಳಲ್ಲಿ ಹೊಡೆಯಿರಿ, ಪುಡಿ ಇದ್ದ ಕಡೆಯಿಂದೆಲ್ಲ ನೇರಳೆ ಬಣ್ಣದ ನೀರು ಇಳಿಯುತ್ತದೆ. ಒಣಗುವ ಮೊದಲೇ ತೊಳೆದುಬಿಡಿ. ಆಮೇಲೆ ವೀಲಿಗೆ ವ್ಯಾಕ್ಸ್ ಹಚ್ಚಿಟ್ಟರೆ ಪುಡಿ ಅಷ್ಟು ಬೇಗ ಹಿಡಿಯುವುದಿಲ್ಲ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಮುಟ್ಟಿಸಬೇಡಿ, ಫಿನಿಶ್ ಹಾಳಾಗುತ್ತದೆ.

ಹೊಸನಗರದ ಹುಡುಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆದರೆ ನಮ್ಮ ಶೆಡ್ ಇಳಿಜಾರಿನಲ್ಲಿದೆ. ಹ್ಯಾಂಡ್‌ಬ್ರೇಕ್ ಇಲ್ಲದೆ ಬಿಡೋಕೆ ಭಯ ಅಲ್ವಾ?

ತುಂಗೆ ದಡದವ, ತೀರ್ಥಹಳ್ಳಿ:
ಹಾಗಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯಲೇಬೇಕು, ಕಲ್ಲೂ ಕೊಡಿ. ತೊಳೆದ ಮೇಲೆ ಇನ್ನೂ ಸ್ವಲ್ಪ ಜಾಸ್ತಿ ದೂರ ಓಡಿಸಿ ಒಣಗಿಸಿಕೊಂಡು ಬನ್ನಿ. ಬೆಳಗ್ಗೆ ಚಕ್ರ ಬಿಡದಿದ್ದರೆ ಜೋರಾಗಿ ಆಕ್ಸಿಲರೇಟರ್ ಒತ್ತಿ ಎಳೆಯಬೇಡಿ. ಮುಂದಕ್ಕೆ, ಹಿಂದಕ್ಕೆ ಮೆಲ್ಲಗೆ ಅಲುಗಿಸಿ. ಅದಕ್ಕೂ ಬಿಡದಿದ್ದರೆ ಮೆಕ್ಯಾನಿಕ್ ಕರೆಸಿ ಡ್ರಮ್ ಬಿಚ್ಚಿಸಿ ಕ್ಲೀನ್ ಮಾಡಿಸಿ.