ವಾರದ ಟೊಮೆಟೊ ಪತ್ರ ಸ್ಪ್ಯಾಮ್‌ಗೆ ಹೋಗುತ್ತಿದೆ, ಏನು ಮಾಡಲಿ?

ಕೋಲಾರ_ತೋಟ:
ನಮಸ್ಕಾರ. ಕೋಲಾರ ಎಪಿಎಂಸಿ ಟೊಮೆಟೊ ದರ, ಜೊತೆಗೆ ಎಲೆ ಮುದುಡು ರೋಗದಂಥ ವಿಷಯದ ಮೇಲೆ ನಾಲ್ಕು ಸಾಲು. ಇಷ್ಟನ್ನು ವಾರಕ್ಕೊಮ್ಮೆ ನಮ್ಮ ರೈತರ ಗುಂಪಿನ 600 ಜನಕ್ಕೆ ಇಮೇಲ್ ಮಾಡುತ್ತೇವೆ. ನ್ಯೂಸ್‌ಲೆಟರ್ ಸೇವೆಯೊಂದರ ಮೂಲಕ ಹೋಗುತ್ತೆ, ಕಳಿಸಿದವರ ಜಾಗದಲ್ಲಿ ಗುಂಪಿನ ಜಿಮೇಲ್ ವಿಳಾಸ ಇದೆ. ಎಲ್ಲರೂ ತಾವೇ ಕೇಳಿ ಸೇರಿದವರು. ಆದರೂ ಜಾಸ್ತಿ ಜನಕ್ಕೆ ಸ್ಪ್ಯಾಮ್‌ಗೆ ಬೀಳುತ್ತಿದೆ. ‘15 ಕೆ.ಜಿ. ಬಾಕ್ಸ್‌ಗೆ ಎಷ್ಟು?’ ಅನ್ನೋ ಶೀರ್ಷಿಕೆಯಿಂದ ರೂಪಾಯಿ ಚಿಹ್ನೆ ತೆಗೆದೂ ನೋಡಿದೆ.

ಮಾಲೂರು_ಮೊಬೈಲ್:
ಶೀರ್ಷಿಕೆ ಇಂಗ್ಲಿಷ್‌ನಲ್ಲಿ ಹಾಕಿ ಅಣ್ಣ. ಕನ್ನಡ ಆ ಫಿಲ್ಟರ್‌ಗೆ ಎಲ್ಲಿ ಅರ್ಥ ಆಗುತ್ತೆ?

ತುಮಕೂರು_ಸರ್ವರ್:
ಪಾಪ, ಕನ್ನಡದ ಮೇಲೆ ಯಾಕೆ ತಪ್ಪು ಹೊರಿಸ್ತೀರಿ? ನಾನು ಕಳಿಸೋದೂ ಪೂರ್ತಿ ಕನ್ನಡದಲ್ಲೇ, ಇನ್‌ಬಾಕ್ಸ್‌ಗೇ ಹೋಗುತ್ತೆ. ಪದ ಬದಲಾಯಿಸೋದು ಆಮೇಲೆ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಸ್ಪ್ಯಾಮ್‌ಗೆ ಬಿದ್ದ ಪತ್ರದ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ನೋಡಿ. ಮೇಲೆ ಎಸ್‌ಪಿಎಫ್ (ಯಾವ ಸರ್ವರ್ ಕಳಿಸಬಹುದು ಅನ್ನೋ ಪಟ್ಟಿ), ಡಿಕೆಐಎಂ (ಪತ್ರದ ಡಿಜಿಟಲ್ ಸಹಿ), ಡಿಮಾರ್ಕ್ ಅಂತ ಮೂರು ಸಾಲು ಇರುತ್ತೆ, ಪತ್ರ ಅಸಲಿಯಾ ಅನ್ನೋ ಪರೀಕ್ಷೆಗಳು. ಪಕ್ಕದಲ್ಲಿ ಏನಿದೆ?

ಕೋಲಾರ_ತೋಟ:
ಮೊದಲೆರಡೂ ಪಾಸ್. ಡಿಮಾರ್ಕ್ ಮಾತ್ರ ಫೇಲ್. ಎರಡು ಪಾಸ್ ಆದಮೇಲೆ ಮೂರನೆಯದು ಹೇಗೆ ಫೇಲ್ ಆಗುತ್ತೆ ಸರ್?

ತುಮಕೂರು_ಸರ್ವರ್:
ಸಿಕ್ಕಿತು. ಆ ಎರಡು ಪಾಸ್ ನಿಮ್ಮ ಸೇವೆಯವರ ಡೊಮೈನ್‌ಗೆ (ವಿಳಾಸದಲ್ಲಿ @ ಆದಮೇಲೆ ಬರೋ ಹೆಸರು) ಸಿಕ್ಕಿದ್ದು, ನಿಮ್ಮ ವಿಳಾಸಕ್ಕಲ್ಲ. ಕಾಣೋ ಹೆಸರು ಜಿಮೇಲ್, ಸಹಿ ಬೇರೆಯವರದು. ಬಿಲ್ಲಿನಲ್ಲಿ ಒಂದು ಮಂಡಿಯ ಹೆಸರು, ಸೀಲು ಇನ್ನೊಂದು ಮಂಡಿಯದು ಇದ್ದ ಹಾಗೆ. ಎರಡೂ ಹೊಂದುತ್ತಾ ಅಂತ ನೋಡೋದೇ ಡಿಮಾರ್ಕ್ ಕೆಲಸ. ಜಿಮೇಲ್ ಡೊಮೈನ್ ಗೂಗಲ್‌ದು, ಅದರಲ್ಲಿ ನಿಮ್ಮ ಸೇವೆಯವರು ಸಹಿ ಹಾಕೋಕೆ ಆಗಲ್ಲ.

ಸ್ವಂತ ಡೊಮೈನ್ ಇದ್ದರೆ ಅದರ ವಿಳಾಸದಿಂದಲೇ ಕಳಿಸಿ. ಸೇವೆಯವರು ಕೊಡೋ ಡಿಕೆಐಎಂ ರೆಕಾರ್ಡ್‌ಗಳನ್ನು ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ವಿವರ ಇಡೋ ಪಟ್ಟಿ) ಸೇರಿಸಿ. ಡಿಮಾರ್ಕ್‌ಗೆ ಸದ್ಯಕ್ಕೆ ‘ಪಿ=ನನ್’ (ಫೇಲ್ ಆದ ಪತ್ರ ತಡೆಯಿರಿ ಅಂತ ಕೇಳದ ಸೂಚನೆ) ಸಾಕು. ಎಸ್‌ಪಿಎಫ್ ರೆಕಾರ್ಡ್ ಈಗಾಗಲೇ ಇದ್ದರೆ ಇನ್ನೊಂದು ಹಾಕಬೇಡಿ, ಇರೋದರಲ್ಲೇ ಸೇರಿಸಿ. ಎರಡಿದ್ದರೆ ಎರಡೂ ಕೆಡುತ್ತವೆ.

ಕೋಲಾರ_ತೋಟ:
ಗುಂಪಿನ ವೆಬ್‌ಸೈಟ್ ಡೊಮೈನ್ ಇತ್ತು, ರೆಕಾರ್ಡ್ ಹಾಕಿದೆ. ಒಂದು ದಿನ ಕಳೆದರೂ ಡಿಕೆಐಎಂ ‘ಸಿಕ್ಕಿಲ್ಲ’ ಅಂತಿದೆ.

ತುಮಕೂರು_ಸರ್ವರ್:
ಹೋಸ್ಟ್ ಅನ್ನೋ ಕಡೆ ಡೊಮೈನ್ ಹೆಸರನ್ನೂ ಸೇರಿಸಿ ಪೇಸ್ಟ್ ಮಾಡಿದ್ದೀರಾ? ಎಷ್ಟೋ ಡಿಎನ್‌ಎಸ್ ಪ್ಯಾನಲ್‌ಗಳು ಕೊನೆಗೆ ಡೊಮೈನನ್ನು ತಾವೇ ಅಂಟಿಸುತ್ತವೆ. ಆಗ ಅದು ಎರಡು ಸಲ ಬರುತ್ತೆ. ‘ಡೊಮೈನ್‌ಕೀ’ ವರೆಗೆ ಇಟ್ಟು ಮಿಕ್ಕಿದ್ದು ಅಳಿಸಿ.

ಕೋಲಾರ_ತೋಟ:
ಅದೇ ಸರ್! ಈಗ ಮೂರೂ ಪಾಸ್. ಈ ವಾರವೇ 600 ಜನಕ್ಕೂ ಕಳಿಸಲಾ?

ತುಮಕೂರು_ಸರ್ವರ್:
ಬೇಡ. ಆ ಡೊಮೈನ್‌ನಿಂದ ಇಮೇಲ್ ಹೋಗೋದು ಇದೇ ಮೊದಲು, ಅಲ್ವಾ? ಒಮ್ಮೆಲೇ ಜಾಸ್ತಿ ಹೋದರೆ ಫಿಲ್ಟರ್‌ಗೆ ಅನುಮಾನ ಬರುತ್ತೆ. ಪತ್ರ ತಪ್ಪದೆ ತೆರೆಯೋ ನೂರಿನ್ನೂರು ಜನಕ್ಕೆ ಮೊದಲು ಕಳಿಸಿ, ವಾರ ವಾರ ಹೆಚ್ಚಿಸಿ. ಪತ್ರ ವಾಪಸ್ ಬರೋ ವಿಳಾಸಗಳನ್ನು ಕಿತ್ತು ಹಾಕಿ.

‘ಪತ್ರ ಬೇಡ’ ಅನ್ನೋ ಲಿಂಕ್ ಮೇಲೇ ಎದ್ದು ಕಾಣಲಿ. ಜನ ಹೋದರೆ ಹೋಗಲಿ ಬಿಡಿ. ಲಿಂಕ್ ಸಿಗದಿದ್ದರೆ ಸಿಟ್ಟಿಗೆ ಸ್ಪ್ಯಾಮ್ ಬಟನ್ ಒತ್ತುತ್ತಾರೆ, ಅದೇ ನಿಜವಾದ ಪೆಟ್ಟು. ದೂರು 0.1 ಶೇಕಡಾ ಒಳಗಿರಲಿ, 0.3 ಮುಟ್ಟಲೇಬಾರದು ಅನ್ನುತ್ತೆ ಗೂಗಲ್. 600ರಲ್ಲಿ ಇಬ್ಬರು ಒತ್ತಿದರೂ 0.33! 2024ರಿಂದ ಜಿಮೇಲ್‌ಗೆ ದಿನಕ್ಕೆ 5,000 ಮೀರಿ ಕಳಿಸೋರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್, ಒಂದೇ ಒತ್ತಿಗೆ ಹೊರಬರೋ ಸೌಲಭ್ಯ ಎಲ್ಲವೂ ಕಡ್ಡಾಯ. ನೀವು ಅಷ್ಟು ದೊಡ್ಡವರಲ್ಲ, ಆದರೂ ಮಾಡಿಡಿ.

ಮಾಲೂರು_ಮೊಬೈಲ್:
ನನಗೆ ಈ ಸಲದ್ದು ‘ಪ್ರಮೋಷನ್ಸ್’ಗೆ ಬಂತು. ಅದೂ ಸ್ಪ್ಯಾಮೇ ತಾನೆ?

ತುಮಕೂರು_ಸರ್ವರ್:
ಅಲ್ಲ, ಅದು ಇನ್‌ಬಾಕ್ಸ್‌ನದ್ದೇ ಒಂದು ಭಾಗ. ಕಂಪ್ಯೂಟರ್‌ನಲ್ಲಿ ಪತ್ರವನ್ನು ‘ಪ್ರೈಮರಿ’ಗೆ ಎಳೆದು ಬಿಡಿ. ಮುಂದಿನದ್ದೂ ಅಲ್ಲಿಗೇ ಬರಲಾ ಅಂತ ಕೇಳುತ್ತೆ, ಹೂಂ ಅನ್ನಿ.